ಎರಡು ವರ್ಷದ ಎದೆಹಾಲು: ಹೊಣೆ ಉಮ್ಮನದು ಮಾತ್ರವೇ?

"ಹಾಲು ಸಾಲ್ತಾ ಇಲ್ಲ, ಮಗು ಅಳ್ತಾನೇ ಇದೆ. ಡಬ್ಬಿ ಹಾಲು ತಂದ್ಬಿಡಿ." ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ನಮ್ಮ ಬ್ಯಾರಿ ಮನೆಗಳಲ್ಲಿ ಹೆರಿಗೆಯಾಗಿ ನಲ್ವತ್ತು ದಿನ ತುಂಬುವ ಮೊದಲೇ ಈ ಮಾತು ಕೇಳಿಬರುವುದುಂಟು. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎದೆಹಾಲು ಬೇಗ ನಿಂತುಹೋಗಲು ಎಷ್ಟೋ ಸಲ ಇದೇ ಮೊದಲ ಕಾರಣ.

ಮಗು ಚೀಪಿದಷ್ಟೂ ಹಾಲು ಊರುತ್ತದೆ. ಬಾಟಲಿಯಲ್ಲಿ ಹೊಟ್ಟೆ ತುಂಬಿಸಿಕೊಂಡ ಮಗು ಎದೆಗೆ ಬಾಯಿ ಹಾಕುವುದು ಕಡಿಮೆ. ಆಗ ಹಾಲು ನಿಜಕ್ಕೂ ಇಳಿಯುತ್ತದೆ. "ನೋಡಿ, ನಾವು ಹೇಳಿದ್ದೇ ಸರಿಯಾಯ್ತಲ್ಲ" ಎನ್ನುತ್ತೇವೆ. ಮಕ್ಕಳು ಅಳುವುದೆಲ್ಲ ಹಸಿವಿಗಲ್ಲ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಾ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ತೂಕವನ್ನು ಅಂಗನವಾಡಿಯಲ್ಲಿ ನೋಡಿಸಬಹುದು. ಏರದಿದ್ದರೆ ಡಬ್ಬಿಯ ಅಂಗಡಿಗಲ್ಲ, ಡಾಕ್ಟರ ಬಳಿಗೆ ಹೋಗಬೇಕು.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಅದೊಂದೇ, ಆಮೇಲೆ ಮನೆಯ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲೊಂದನ್ನೇ ಕುಡಿಯುವವರು ಶೇ 64ರಷ್ಟು. ಉಳಿದ ಮಕ್ಕಳಿಗೆ ನೀರೋ ಹಸುವಿನ ಹಾಲೋ ಬೇರೇನೋ ಸೇರುತ್ತದೆ. ಜೇನು ನೆಕ್ಕಿಸುವ ರೂಢಿಯೂ ಇದೆ. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ ಎಂಬುದು ಹಿರಿಯರಿಗೂ ತಿಳಿದಿರಲಿ.

ಎರಡನೆಯ ಕಾರಣ ದುಡಿಮೆ. ಅಡಿಕೆ ಸುಲಿತ, ಕಾಫಿ ಹಣ್ಣಿನ ಕುಯ್ಲು ಬಂತೆಂದರೆ ಕೂಲಿಗೆ ಹೋಗುವ ತಾಯಿ ಕೂಸನ್ನು ಮನೆಯಲ್ಲಿ ಬಿಡಬೇಕು. 2017ರ ತಿದ್ದುಪಡಿಯಿಂದ ಹೆರಿಗೆ ಸೌಲಭ್ಯ ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಬಂತು. ಪ್ಲಾಂಟೇಶನ್‌ಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಇವತ್ತು ಒಂದು ತೋಟ, ನಾಳೆ ಇನ್ನೊಂದು ಎಂದು ಅಲೆಯುವ ದಿನಗೂಲಿಯವರಿಗೆ ಅದು ಸುಲಭಕ್ಕೆ ಎಟಕುವುದಿಲ್ಲ. 2017ರಲ್ಲೇ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟವಿತ್ತು. ಮಲೆನಾಡಿನ ಮಳೆಯಲ್ಲಿ ಹಸಿ ಬಾಣಂತಿ ಗುಡ್ಡ ಇಳಿದು ಊಟಕ್ಕೆ ಹೋಗುವುದೆಂದರೆ ಸಣ್ಣ ಮಾತೇ?

ಹೊರಗೆ ಹೋಗಲೇಬೇಕಾದ ತಾಯಿ ಹಾಲು ಹಿಂಡಿ, ಶುಚಿಯಾದ ಪಾತ್ರೆಯಲ್ಲಿ ಮುಚ್ಚಿಟ್ಟು ಹೋಗಬಹುದು. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಬಾಟಲಿಯೂ ಬೇಡ, ನಮ್ಮ ಹಳೆಯ ಒಳಲೆಯೋ ಚಮಚವೋ ಸಾಕು.

ಮೂರನೆಯದು ಬೇಗನೆ ಇನ್ನೊಂದು ಬಸಿರು. "ಬಸುರಿ ಹಾಲು ಮಗೂಗೆ ಆಗಲ್ಲ" ಎಂದು ಒಂದೇ ದಿನದಲ್ಲಿ ಬಿಡಿಸಿಬಿಡುತ್ತಾರೆ. ಆ ಹಾಲು ವಿಷವಲ್ಲ. ತೊಂದರೆ ಇಲ್ಲದ ಬಸಿರಿನಲ್ಲಿ ಡಾಕ್ಟರನ್ನು ಕೇಳಿಕೊಂಡು ಮುಂದುವರಿಸಬಹುದು. ಅದಕ್ಕಿಂತ ಹೆರಿಗೆಗಳ ನಡುವೆ ಅಂತರ ಇಡುವುದು ತಾಯಿಗೂ ಮಕ್ಕಳಿಗೂ ಹಿತ. ಆ ಮಾತನ್ನು ಗಂಡನೂ ಆಡಬೇಕು.

ಸೂರಾ ಅಲ್ ಬಕರದ 233ನೇ ಆಯತ್ತನ್ನು ನಾವು "ಎರಡು ವರ್ಷ ಹಾಲು ಕೊಡಬೇಕು" ಎಂದು ತಾಯಂದಿರಿಗೆ ಹೇಳಲು ಬಳಸುತ್ತೇವೆ. ಅದೇ ಆಯತ್ತು ತಾಯಿಯ ಅನ್ನ, ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಇಟ್ಟಿದೆ. ಮಗುವಿನ ಕಾರಣಕ್ಕೆ ತಾಯಿಗೆ ತೊಂದರೆ ಆಗಬಾರದು, ಬೇಗ ಬಿಡಿಸುವುದಾದರೆ ಇಬ್ಬರೂ ಸಮಾಲೋಚಿಸಿ ಒಪ್ಪಿ ನಿರ್ಧರಿಸಬಹುದು ಎಂದೂ ಅದರಲ್ಲಿದೆ. ರಮಝಾನಿನ ಉಪವಾಸದಲ್ಲೂ ಹಾಲೂಡುವ ತಾಯಿಗೆ ರಿಯಾಯಿತಿ ಇದೆ. ಇಷ್ಟನ್ನೂ ಮರೆತು ವರ್ಷದ ಲೆಕ್ಕವನ್ನು ಮಾತ್ರ ಅವಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾಯಿಲೆಯಿಂದಲೋ ಮತ್ತೊಂದರಿಂದಲೋ ಹಾಲು ಕೊಡಲಾಗದ ಉಮ್ಮನನ್ನು ಚುಚ್ಚುವುದಂತೂ ಸಲ್ಲ.

ಮನೆಯಲ್ಲಿ ಇನ್ನೊಮ್ಮೆ "ಹಾಲು ಸಾಲ್ತಿಲ್ಲ" ಎಂಬ ಮಾತು ಬಂದರೆ, ಡಬ್ಬಿ ತರಲು ಪೇಟೆಗೆ ಹೊರಡುವ ಮೊದಲು ನಾವು ಕೇಳಬೇಕಾದ್ದು ಇಷ್ಟೇ: ಅವಳು ಉಂಡಳಾ? ರಾತ್ರಿ ನಿದ್ದೆ ಮಾಡಿದಳಾ? ಅವಳ ಕೈಯ ಕೆಲಸ ಇವತ್ತು ಯಾರು ಮಾಡಿದ್ರು?