ಉದ್ಯೋಗಾನ್ವೇಷಣೆಯೂ ಮನಸ್ಸಿನ ನೆಮ್ಮದಿಯೂ

ಓದು ಮುಗಿಸಿದ ತರುಣರು ಉದ್ಯೋಗವನ್ನು ಅರಸುವುದು ಲೋಕರೂಢಿ. ಅವರಿಗೆ ಬುದ್ಧಿವಾದ ಹೇಳುವವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹತ್ತು ಹದಿನೈದು ವರ್ಷ ಒಂದು ಕಡೆ ದುಡಿದು, ಸಂಸಾರವನ್ನು ಒಂದು ನೆಲೆಗೆ ತಂದುಕೊಂಡಿರುವ ವಿದ್ಯಾವಂತರು ಮತ್ತೆ ಅರ್ಜಿ ಬರೆಯಲು ಕುಳಿತರೆ, ಅವರ ಕಷ್ಟವನ್ನು ಕೇಳುವವರು ಕಡಮೆ. “ಇರುವ ಕೆಲಸಕ್ಕೆ ಏನು ಬಂದಿದೆ?” ಎಂದು ಮನೆಯವರು ಕೇಳುತ್ತಾರೆ. ಕಚೇರಿಯಲ್ಲಿ ಬಾಯಿ ಬಿಟ್ಟರೆ ಇರುವುದಕ್ಕೇ ಸಂಚಕಾರ ಬಂದೀತೆಂಬ ಅಂಜಿಕೆ. ಹೀಗೆ ಹಗಲು ದುಡಿಮೆ, ರಾತ್ರಿ ಗುಟ್ಟಿನ ಹುಡುಕಾಟ, ನಡುವೆ ನಿದ್ರೆಗೆಟ್ಟ ಮನಸ್ಸು ಎಂಬಂತಾಗುತ್ತದೆ. ನಮ್ಮಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳು ಬಂದಾಗ ಇಂತಹ ಮಾತುಗಳನ್ನು ಮೇಲಿಂದ ಮೇಲೆ ಕೇಳಿದ್ದೇವೆ. ಆದುದರಿಂದ ಈ ವಿಷಯವನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಿಕೊಂಡು ವಿಚಾರ ಮಾಡೋಣ: ಕೆಲಸವನ್ನು ಬಿಡಬೇಕೆ? ಬೇರೊಂದನ್ನು ಹುಡುಕುವ ಬಗೆ ಹೇಗೆ? ಸಂದರ್ಶನದಲ್ಲಿ ನಡೆಯುವುದಾದರೂ ಏನು?

ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಕೆಲಸವು ನಮಗೆ ಏನನ್ನು ಕೊಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಸಂಬಳವನ್ನು ಕೊಡುತ್ತದೆ ಎಂದರೆ ಉತ್ತರ ಅರ್ಧ ಮಾತ್ರ ಆಯಿತು. ಆಸ್ಟ್ರಿಯಾ ದೇಶದ ವಿಯೆನ್ನಾ ಪಟ್ಟಣಕ್ಕೆ ಸಮೀಪದಲ್ಲಿ ಮರಿಯೆಂಥಾಲ್ ಎಂಬುದೊಂದು ಊರು. ಊರಿಗೆ ಊರೇ ಒಂದು ಬಟ್ಟೆಯ ಗಿರಣಿಯನ್ನು ನಂಬಿಕೊಂಡಿತ್ತು. 1930ರ ಸುಮಾರಿಗೆ ಗಿರಣಿ ಮುಚ್ಚಿತು. ಮರಿ ಯಹೋಡ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ವಿದ್ವಾಂಸರು ಅಲ್ಲಿನ ಜನಜೀವನವನ್ನು ಪರಿಶೀಲಿಸಿ 1933ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡದ್ದು ವಿಚಿತ್ರವಾಗಿತ್ತು. ಜನಕ್ಕೆ ಹಿಂದೆಂದೂ ಇಲ್ಲದಷ್ಟು ಬಿಡುವು ದೊರೆತಿತ್ತು. ಆದರೂ ಊರ ಪುಸ್ತಕ ಭಂಡಾರದಿಂದ ಪುಸ್ತಕ ಒಯ್ಯುವುದು ಹೆಚ್ಚು ಕಡಮೆ ಅರ್ಧಕ್ಕೆ ಇಳಿಯಿತು. ಗಂಡಸರು ಬೀದಿಯಲ್ಲಿ ನಡೆಯುವಾಗ ದಾರಿಯುದ್ದಕ್ಕೂ ನಿಂತು ನಿಂತು ಸಾಗುತ್ತಿದ್ದರು. ಹೊತ್ತಿಗೆ ಬೆಲೆಯಿಲ್ಲದಂತಾದಾಗ ನಡಿಗೆಯ ವೇಗವೂ ಕುಗ್ಗಿತು.

ಯಹೋಡ ಅವರು ಮುಂದೆ ಈ ಅನುಭವವನ್ನು ಮಥನ ಮಾಡಿ, ಕೆಲಸವು ಸಂಬಳದ ಜೊತೆಗೆ ಐದು ವಸ್ತುಗಳನ್ನು ಕೊಡುತ್ತದೆ ಎಂದು ನಿರೂಪಿಸಿದರು. ದಿನಕ್ಕೊಂದು ಕಟ್ಟುಪಾಡು, ಮನೆಯಾಚೆಗಿನ ಜನರ ಸಹವಾಸ, ಹಲವರು ಕೂಡಿ ಸಾಧಿಸುವ ಒಂದು ಉದ್ದೇಶ, ಸಮಾಜದಲ್ಲಿ ಒಂದು ಸ್ಥಾನ, ನಿಯತವಾದ ಚಟುವಟಿಕೆ, ಇವೇ ಆ ಐದು. ಕೆಲಸದಲ್ಲಿ ಬೇಸರ ಬಂದವರು ಒಂದು ಹಾಳೆಯಲ್ಲಿ ಸಂಬಳವನ್ನೂ ಈ ಐದನ್ನೂ ಬರೆದು, ಇರುವ ಕೆಲಸದಲ್ಲಿ ಯಾವುದಕ್ಕೆ ಕೊರತೆ ಬಂದಿದೆ ಎಂದು ಗುರುತು ಹಾಕಿಕೊಳ್ಳುವುದು ಲೇಸು. ಕೊರತೆ ಸಹವಾಸದ್ದಾದರೆ, ಹೆಚ್ಚಿನ ಸಂಬಳದ ಹೊಸ ಕೆಲಸವು ಆ ಹಸಿವನ್ನು ತೀರಿಸಲಾರದು. ಕೊರತೆ ಸಂಬಳದ್ದೇ ಆದರೆ, ಅದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಇನ್ನೊಂದು ಕಾರಣವುಂಟು, ಅದನ್ನು ಹಗುರವಾಗಿ ಎಣಿಸಬಾರದು. ಬ್ರಿಟನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು ಕುರಿತು 1967ರಲ್ಲಿ ಒಂದು ದೊಡ್ಡ ಪರಿಶೀಲನೆಯು ಆರಂಭವಾಯಿತು. ವ್ಹೈಟ್‌ಹಾಲ್ ಪರಿಶೀಲನೆಯೆಂದು ಅದು ಹೆಸರಾಗಿದೆ. ಮೇಲಧಿಕಾರಿಗಳಿಗೇ ಹೊಣೆ ಹೆಚ್ಚು, ಆದ್ದರಿಂದ ಹೃದ್ರೋಗವೂ ಅವರಿಗೇ ಹೆಚ್ಚು ಎಂದು ಜನ ಭಾವಿಸಿದ್ದರು. ಕಂಡುಬಂದದ್ದು ಇದಕ್ಕೆ ತೀರ ವಿರುದ್ಧ: ದರ್ಜೆ ಇಳಿದಂತೆಲ್ಲ ಹೃದ್ರೋಗದ ಮರಣ ಏರಿತು. 1985ರಲ್ಲಿ 10,308 ಮಂದಿ ಸ್ತ್ರೀಪುರುಷರನ್ನು ಸೇರಿಸಿಕೊಂಡು ಆರಂಭವಾದ ಎರಡನೆಯ ಪರಿಶೀಲನೆಯಲ್ಲಿ, ತಮ್ಮ ಕೆಲಸವನ್ನು ತಾವೇ ನಡೆಸಿಕೊಳ್ಳುವ ಸ್ವಾತಂತ್ರ್ಯ ಕಡಮೆಯಿರುವವರಲ್ಲಿ ಹೃದ್ರೋಗ ಹೆಚ್ಚೆಂಬ ಅಂಶವು ಹೊರಬಿತ್ತು. ಕೆಲಸದ ಭಾರವೊಂದೇ ಅಲ್ಲ, ಆ ಭಾರವನ್ನು ಹೇಗೆ ಹೊರಬೇಕೆಂಬುದರಲ್ಲಿ ನಮ್ಮ ಮಾತು ನಡೆಯದಿರುವುದೂ ಮನುಷ್ಯನನ್ನು ಸವೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಉದ್ಯೋಗದಿಂದ ಬರುವ ಬಳಲಿಕೆಯನ್ನು ವಿವರಿಸುತ್ತ, ಶಕ್ತಿ ಬತ್ತುವುದು, ಕೆಲಸದಲ್ಲಿ ಮನಸ್ಸು ಮುರಿಯುವುದು, ಕೈಗೆ ಕೆಲಸ ಹತ್ತದಿರುವುದು ಎಂಬ ಮೂರು ಲಕ್ಷಣಗಳನ್ನು ಹೇಳಿತು. ಇದನ್ನು ರೋಗವೆನ್ನದೆ, ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿಯೆಂದು ಕರೆಯಿತು. ಆದುದರಿಂದ ಇಂತಹ ಕಾರಣಕ್ಕಾಗಿ ಬೇರೆ ಕೆಲಸ ನೋಡುವವರನ್ನು ಚಂಚಲರೆಂದು ಹಳಿಯುವುದು ನ್ಯಾಯವಲ್ಲ. ಆದರೂ, ಮರಿಯೆಂಥಾಲಿನ ಪಾಠವನ್ನು ನೆನೆದರೆ, ಆರೋಗ್ಯಕ್ಕೆ ಹಾನಿಯಿಲ್ಲದ ಪಕ್ಷದಲ್ಲಿ ಮುಂದಿನ ಕೆಲಸ ಕೈಗೆ ಬರುವ ತನಕ ಇರುವುದನ್ನು ಬಿಡದಿರುವುದೇ ವಿವೇಕ.

ಇನ್ನು ಹುಡುಕುವ ಬಗೆ. ಆಪ್ತಮಿತ್ರರೂ ಬಂಧುಗಳೂ ನಮಗಾಗಿ ಹೆಚ್ಚು ಶ್ರಮಪಡುತ್ತಾರೆ; ಕೆಲಸವೂ ಅವರ ಮೂಲಕವೇ ಬರಬೇಕು ಎಂದು ನಾವು ನಂಬಿದ್ದೇವೆ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಬಾಸ್ಟನ್ ಬಳಿಯ ನ್ಯೂಟನ್ ಎಂಬಲ್ಲಿ, ಹೊಸದಾಗಿ ಕೆಲಸ ಬದಲಿಸಿದ 282 ಮಂದಿ ವಿದ್ಯಾವಂತ ನೌಕರರನ್ನು ವಿಚಾರಿಸಿ, 1973ರಲ್ಲಿಯೂ 1974ರಲ್ಲಿಯೂ ತಮ್ಮ ಶೋಧನೆಗಳನ್ನು ಪ್ರಕಟಿಸಿದರು. ನೂರಕ್ಕೆ 56 ಮಂದಿಗೆ ಕೆಲಸ ದೊರೆತದ್ದು ಪರಿಚಯಸ್ಥರ ಮೂಲಕ. ಆ ಪರಿಚಯಸ್ಥರನ್ನು ಎಷ್ಟು ಸಲ ನೋಡುತ್ತಿದ್ದಿರಿ ಎಂದು ಕೇಳಿದಾಗ, ಮೇಲಿಂದ ಮೇಲೆ ನೋಡುತ್ತಿದ್ದೆವು ಎಂದವರು ನೂರಕ್ಕೆ 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಸುಮಾರು 56. ತೀರ ಅಪರೂಪವೆಂದವರು ಸುಮಾರು 28.

ಇದರ ಕಾರಣ ಸರಳವಾಗಿದೆ. ದಿನವೂ ಜೊತೆಯಲ್ಲಿ ಕಾಫಿ ಕುಡಿಯುವ ಗೆಳೆಯನಿಗೆ ನಮ್ಮ ಮೇಲೆ ಪ್ರೀತಿಯುಂಟು. ಆದರೆ ನಮಗೆ ಗೊತ್ತಿರುವುದೇ ಅವನಿಗೂ ಗೊತ್ತು. ಒಂದೇ ಬಾವಿಯ ನೀರನ್ನು ಎರಡು ಬಿಂದಿಗೆಯಲ್ಲಿ ಸೇದಿದಂತೆ. ಎಂದೋ ಒಂದು ಕಡೆ ಕೆಲಸ ಮಾಡಿ ಈಗ ಬೇರೆ ಊರಿನಲ್ಲಿರುವ ಹಳೆಯ ಪರಿಚಿತನು ಬೇರೊಂದು ವಲಯದಲ್ಲಿ ಸಂಚರಿಸುತ್ತಾನೆ. ನಮಗೆ ತಿಳಿಯದ ಸುದ್ದಿ ಅವನಿಗೆ ತಿಳಿದಿರುತ್ತದೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಲಿಂಕ್ಡ್‌ಇನ್ ಎಂಬ ಜಾಲದ ಎರಡು ಕೋಟಿಗೂ ಮಿಕ್ಕ ಜನರನ್ನು ಒಳಗೊಂಡಿತ್ತು. ಅದೂ ಸ್ಥೂಲವಾಗಿ ಈ ಮಾತನ್ನೇ ಎತ್ತಿಹಿಡಿದು, ಒಂದು ತಿದ್ದುಪಡಿಯನ್ನು ಸೇರಿಸಿತು: ತೀರ ಅಪರಿಚಿತರಿಗಿಂತಲೂ, ತೀರ ಆಪ್ತರಿಗಿಂತಲೂ, ನಡುವಣ ಪರಿಚಯದವರಿಂದ ಕೆಲಸ ಬದಲಾಯಿಸುವುದಕ್ಕೆ ಹೆಚ್ಚಿನ ಸಹಾಯ.

ಆದುದರಿಂದ ಹಳೆಯ ಸಹೋದ್ಯೋಗಿಗಳಿಗೂ ಸಹಪಾಠಿಗಳಿಗೂ ನಾಲ್ಕು ಸಾಲು ಬರೆಯಲು ಸಂಕೋಚಪಡಬೇಕಾಗಿಲ್ಲ. ಬರೆಯುವಾಗ “ಎಲ್ಲಿಯಾದರೂ ಒಂದು ಕೆಲಸ ಕೊಡಿಸಿ” ಎನ್ನಬಾರದು. ಅಂತಹ ಕಾಗದವು ಓದುವವರ ಹೆಗಲ ಮೇಲೆ ಹೊರೆಯನ್ನಿಡುತ್ತದೆ. “ಲೆಕ್ಕ ತನಿಖೆಯಲ್ಲಿ ಹನ್ನೆರಡು ವರ್ಷ ದುಡಿದಿದ್ದೇನೆ, ನಿಮ್ಮ ಕಡೆ ಈ ವಿಭಾಗದಲ್ಲಿ ಯಾವ ಬಗೆಯ ಜನ ಬೇಕಾಗಿದ್ದಾರೆ, ಯಾರನ್ನು ವಿಚಾರಿಸಿದರೆ ತಿಳಿದೀತು?” ಎಂದು ಕೇಳಿದರೆ, ಉತ್ತರ ಹೇಳುವುದು ಅವರಿಗೂ ಸುಲಭ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳದೆ ಬಿಡುವಂತಿಲ್ಲ. ಪರಿಚಯದಿಂದ ಕೆಲಸ ಬರುವುದಾದರೆ, ಪರಿಚಯವೇ ಇಲ್ಲದವರ ಗತಿಯೇನು? ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆ ಹಳೆಯದು. ಸರ್ಕಾರದ ಚಾಕರಿಯಲ್ಲಿ ಹಿಂದುಳಿದ ವರ್ಗಗಳಿಗೆ ತಕ್ಕ ಸ್ಥಾನ ದೊರೆಯುವ ಬಗೆಯನ್ನು ಆಲೋಚಿಸಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಖಾಸಗಿ ಸಂಸ್ಥೆಗಳಲ್ಲಿ ಪ್ರಶ್ನೆ ಮುಂದೆಯೂ ಮುಗಿಯಲಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಆಟವೆಲ್ ಅವರು 548 ಜಾಹೀರಾತುಗಳಿಗೆ ಸಮಾನ ಯೋಗ್ಯತೆಯ 4,808 ಅರ್ಜಿಗಳನ್ನು, ಹೆಸರನ್ನು ಮಾತ್ರ ಬದಲಿಸಿ ಕಳುಹಿಸಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಲುಜಾತಿಯ ಹೆಸರಿನವರೊಂದಿಗೆ ಹೋಲಿಸಿದರೆ, ದಲಿತ ಹೆಸರಿನವರಿಗೆ ಕರೆ ಬರುವ ಸಂಭವ ಮೂರರಲ್ಲಿ ಎರಡು ಪಾಲಿನಷ್ಟು. ಮುಸಲ್ಮಾನ ಹೆಸರಿನವರಿಗೆ ಮೂರರಲ್ಲಿ ಒಂದು ಪಾಲಿನಷ್ಟು. ಅರ್ಜಿ ಓದುವವರು ಅಭ್ಯರ್ಥಿಯ ಮುಖವನ್ನೂ ನೋಡಿರಲಿಲ್ಲ. ಉತ್ತಮ ಸ್ಥಾನದಲ್ಲಿರುವ ನಾವು ಪರಿಚಿತರ ಮಕ್ಕಳಿಗೆ ಮಾತ್ರ ದಾರಿ ತೋರಿಸುತ್ತ ಹೋದರೆ, ಈ ಅನ್ಯಾಯದಲ್ಲಿ ನಮ್ಮದೂ ಒಂದು ಪಾಲು ಸೇರುತ್ತದೆ.

ಮೂರನೆಯದು ಸಂದರ್ಶನ. ಮನಸ್ಸಿನ ಅಳತೆಯನ್ನು ಅಭ್ಯಾಸ ಮಾಡುವ ಶಾಸ್ತ್ರವು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆ ಶಾಸ್ತ್ರದವರು ಸಂದರ್ಶನವನ್ನು ನೂರು ವರ್ಷಕ್ಕೂ ಮಿಗಿಲಾಗಿ ಒರೆಗೆ ಹಚ್ಚಿ ನೋಡಿದ್ದಾರೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಿಂದಿನ ಪರಿಶೀಲನೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಸಂದರ್ಶನದ ತೀರ್ಪಿಗೂ ಮುಂದೆ ಕೆಲಸದಲ್ಲಿ ಕಾಣುವ ಸಾಮರ್ಥ್ಯಕ್ಕೂ ಪೂರ್ಣವಾದ ಹೊಂದಾಣಿಕೆಯಿದ್ದರೆ ಅದನ್ನು ಒಂದು ಎನ್ನೋಣ. ಏನೂ ಇಲ್ಲದಿದ್ದರೆ ಸೊನ್ನೆ. ಮನಸ್ಸಿಗೆ ತೋಚಿದಂತೆ ಮಾತನಾಡಿಸುವ ಸಂದರ್ಶನದ ಬೆಲೆ 0.19. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ, ಮೊದಲೇ ಗೊತ್ತುಮಾಡಿದ ಕ್ರಮದಿಂದ ಅಂಕ ಹಾಕುವ ಸಂದರ್ಶನದ ಬೆಲೆ 0.42. ಅವರು ಪರೀಕ್ಷಿಸಿದ ವಿಧಾನಗಳಲ್ಲೆಲ್ಲ ಈ ಎರಡನೆಯದೇ ಮೇಲು. ಅದೂ ಅರ್ಧವನ್ನು ಮುಟ್ಟಲಿಲ್ಲ.

ಇದರಿಂದ ಎರಡು ಉಪದೇಶಗಳು ಸಿಕ್ಕುತ್ತವೆ. ಮೊದಲನೆಯದು ಸಿದ್ಧತೆಗೆ ಸಂಬಂಧಿಸಿದ್ದು. ಕ್ರಮಬದ್ಧವಾದ ಸಂದರ್ಶನದಲ್ಲಿ, “ನೀವು ಇಂತಹ ಇಕ್ಕಟ್ಟಿನಲ್ಲಿ ಸಿಕ್ಕಿದ್ದಾಗ ಏನು ಮಾಡಿದಿರಿ?” ಎಂಬ ಜಾತಿಯ ಪ್ರಶ್ನೆಗಳೇ ಹೆಚ್ಚು. “ನಾನು ಶ್ರದ್ಧಾವಂತ, ಎಲ್ಲರೊಡನೆ ಹೊಂದಿಕೊಳ್ಳುವವನು” ಎಂಬ ವಿಶೇಷಣಗಳಿಗೆ ಅಲ್ಲಿ ಬೆಲೆಯಿಲ್ಲ. ತಮ್ಮ ಅನುಭವದಿಂದ ಐದಾರು ಪ್ರಸಂಗಗಳನ್ನು ಆರಿಸಿಕೊಂಡು, ಪರಿಸ್ಥಿತಿ ಏನಿತ್ತು, ತಾವು ಮಾಡಿದ್ದೇನು, ಫಲವೇನಾಯಿತು ಎಂದು ಎರಡೆರಡು ನಿಮಿಷದಲ್ಲಿ ಹೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಹಲವರು ಕೂಡಿ ಮಾಡಿದ್ದನ್ನು ತಾವೊಬ್ಬರೇ ಮಾಡಿದಂತೆ ಹೇಳಬಾರದು. ತಾವು ಮಾಡಿದ್ದನ್ನು ವಿನಯದ ನೆಪದಿಂದ ಮುಚ್ಚಿಡಲೂ ಬಾರದು. ಹಿಂದಿನ ಕೆಲಸವನ್ನು ಏಕೆ ಬಿಡುವಿರಿ ಎಂದರೆ, ಉಂಡ ಮನೆಯ ಜಂತೆ ಎಣಿಸದೆ, ಮುಂದೆ ಬಯಸುವುದೇನೆಂದು ಹೇಳಿದರೆ ಸಾಕು. ತಿಳಿಯದುದನ್ನು ತಿಳಿಯದೆಂದೇ ಒಪ್ಪಿ, ತಿಳಿದುಕೊಳ್ಳುವ ದಾರಿಯನ್ನು ಸೂಚಿಸುವುದು ಗೌರವ. ಕೊನೆಗೆ, ನಾವೂ ಪ್ರಶ್ನೆ ಕೇಳಬೇಕು. ಈ ಸ್ಥಾನದಲ್ಲಿ ಮುಂಚೆ ಇದ್ದವರು ಏಕೆ ಹೋದರು? ಕೆಲಸದ ರೀತಿಯನ್ನು ನಿಶ್ಚಯಿಸುವವರು ಯಾರು? ವ್ಹೈಟ್‌ಹಾಲಿನ ಪಾಠ ತಿಳಿದವರು ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಏಳಲಾರರು.

ಎರಡನೆಯ ಉಪದೇಶ ಇನ್ನೂ ಮುಖ್ಯ. ಅತ್ಯುತ್ತಮವಾದ ತಕ್ಕಡಿಯೇ ಇಷ್ಟು ತೊನೆಯುವಾಗ, ಅರ್ಧ ಗಂಟೆಯ ಮಾತಿನಿಂದ ಬಂದ “ಇಲ್ಲ” ಎಂಬ ಉತ್ತರವನ್ನು ನಮ್ಮ ಜೀವಮಾನದ ಬೆಲೆಯೆಂದು ಭಾವಿಸುವುದು ತಪ್ಪು. ಆಯ್ಕೆ ಮಾಡುವವರಿಗೆ ಒಬ್ಬರು ಬೇಕಾಗಿದ್ದರು, ಬೇರೊಬ್ಬರನ್ನು ಆರಿಸಿದರು. ಆ ಪತ್ರದಲ್ಲಿರುವುದು ಇಷ್ಟೇ.

ಆದರೂ ಮನಸ್ಸು ನೋಯುವುದು ಸಹಜ. ಈ ನೋವಿಗೆ ಒಂದು ಸುಲಭವಾದ ಉಪಾಯವನ್ನು 1994ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಸ್ಪೆರಾ, ಬ್ಯೂರ್‌ಫೈಂಡ್, ಪೆನ್‌ಬೇಕರ್ ಎಂಬುವರು ಕೆಲಸ ಕಳೆದುಕೊಂಡ 63 ಮಂದಿ ವಿದ್ಯಾವಂತ ನೌಕರರಲ್ಲಿ ಕೆಲವರಿಗೆ, ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ತಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆಯಲು ಹೇಳಿದರು. ಕೆಲವು ತಿಂಗಳ ಮೇಲೆ ನೋಡಿದಾಗ, ಹಾಗೆ ಬರೆದವರಲ್ಲಿ ಹೆಚ್ಚು ಮಂದಿಗೆ ಕೆಲಸ ದೊರೆತಿತ್ತು. ಅವರು ಹೆಚ್ಚು ಅರ್ಜಿಗಳನ್ನೇನೂ ಹಾಕಿರಲಿಲ್ಲ. ಒಳಗಿನ ಕಹಿಯನ್ನು ಕಾಗದದ ಮೇಲೆ ಇಳಿಸಿದವರು ಅದನ್ನು ಸಂದರ್ಶನದ ಕೊಠಡಿಗೆ ಹೊತ್ತುಕೊಂಡು ಹೋಗಲಿಲ್ಲವೆಂದು ಊಹಿಸಬಹುದು. ಪ್ರಯೋಗ ಚಿಕ್ಕದು, ಆದರೆ ಮಾಡಿ ನೋಡುವುದಕ್ಕೆ ಒಂದು ಲೇಖನಿ, ಒಂದು ಪುಸ್ತಕ ಸಾಕು.

ಹುಡುಕಾಟಕ್ಕೆ ವಾರದಲ್ಲಿ ಗೊತ್ತಾದ ಹೊತ್ತೊಂದನ್ನು ಇಟ್ಟುಕೊಳ್ಳಿ. ಉಳಿದ ಹೊತ್ತು ಅದರ ಚಿಂತೆಯನ್ನು ಬಿಡಿ. ಮನೆಯಲ್ಲಿ ಒಬ್ಬರಿಗಾದರೂ ವಿಷಯವನ್ನು ತಿಳಿಸಿ. ಗುಟ್ಟು ಒಬ್ಬರ ಎದೆಯಲ್ಲೇ ಕುಳಿತರೆ ಭಾರ ಇಮ್ಮಡಿಯಾಗುತ್ತದೆ. ಇನ್ನು, ಕೆಲಸದಲ್ಲಿ ಸುಖವಾಗಿರುವ ಮಹಾಶಯರಲ್ಲಿ ನಮ್ಮದೊಂದು ಬಿನ್ನಹವಿದೆ. ಎಂದೋ ಪರಿಚಯವಿದ್ದವರಿಂದ ನಿಮಗೊಂದು ಕಾಗದ ಬಂದೀತು. ಅದನ್ನು ಬರೆಯುವುದಕ್ಕೆ ಅವರು ಎಷ್ಟು ದಿನ ಹಿಂಜರಿದರೋ ತಿಳಿಯದು. ಕೊಡಿಸಲು ನಿಮ್ಮಲ್ಲಿ ಕೆಲಸವಿಲ್ಲದಿರಬಹುದು. ಎರಡು ಸಾಲು ಉತ್ತರವನ್ನಾದರೂ ಬರೆಯಿರಿ.