ಪ್ಯಾನಿಕ್ ಆಗಬೇಡಿ ಅಂತೀವಲ್ಲ, ಯಾರು ಈ ಪ್ಯಾನ್?

‘ಪೆಟ್ರೋಲ್ ಸಿಗಲ್ಲ’ ಅಂತ ಒಂದು ರಾತ್ರಿ ವದಂತಿ ಹಬ್ಬಿತ್ತು. ನಾವು ಬ್ರೇಕಿಂಗ್ ಹಾಕಿದೆವು. ಹಿಂದೆ ಕೆಂಪು ಗ್ರಾಫಿಕ್ಸ್, ಎದೆ ನಡುಗಿಸೋ ಮ್ಯೂಸಿಕ್. ಮುಂದೆ ನಾನು, ‘ಯಾರೂ ಪ್ಯಾನಿಕ್ ಆಗಬೇಡಿ.’ ಅರ್ಧ ಗಂಟೆಯಲ್ಲಿ ಬಂಕ್‌ಗಳ ಮುಂದೆ ಕ್ಯೂ. ಆ ಕ್ಯೂನೇ ಮತ್ತೆ ಬ್ರೇಕಿಂಗ್! ಮೈಕನ್ನು ಸ್ಪೀಕರ್ ಹತ್ತಿರ ಒಯ್ದರೆ ಕುಂಯ್ ಅಂತ ಕಿರುಚುತ್ತಲ್ಲ, ಹಾಗೆ. ಇಂಜಿನಿಯರಿಂಗ್‌ನಲ್ಲಿ ಇದನ್ನು ಓದಿ ಪಾಸಾಗಿದ್ದೆ ಬೇರೆ.

ಈ ‘ಪ್ಯಾನಿಕ್’ ಒಳಗೆ ಒಬ್ಬ ದೇವರಿದ್ದಾನೆ. ಗ್ರೀಸ್‌ನ ಅರ್ಕೇಡಿಯಾ ಎಂಬ ಗುಡ್ಡಗಾಡಿನ ಕುರುಬರ ದೈವ ಪ್ಯಾನ್. ಸೊಂಟದ ಕೆಳಗೆ ಮೇಕೆ, ತಲೆ ಮೇಲೆ ಕೊಂಬು, ಕೈಯಲ್ಲಿ ಜೊಂಡಿನ ಕೊಳಲು. ತೋಳ ಕಾಣದೆ, ಗುಡುಗು ಕೇಳದೆ ಮಂದೆ ಬೆದರಿ ಓಡಿದರೆ ಅದು ಇವನದೇ ಕೆಲಸ. ಕಾರಣ ಕಾಣದ ಆ ದಿಗಿಲಿಗೆ ಇವನ ಹೆಸರೇ ಅಂಟಿತು. ಫ್ರೆಂಚ್ ದಾಟಿ ಇಂಗ್ಲಿಷಿಗೂ ಬಂತು. ಹುಲಿ ಕಂಡು ಓಡಿದರೆ ಭಯ. ಪಕ್ಕದವನು ಓಡಿದ ಅಂತ ಓಡಿದರೆ ಪ್ಯಾನಿಕ್. (ಪ್ಯಾಂಡೆಮಿಕ್‌ನಲ್ಲಿರೋ ‘ಪ್ಯಾನ್’ ಬೇರೆ. ಗ್ರೀಕಿನಲ್ಲಿ ಅದಕ್ಕೆ ‘ಎಲ್ಲ’ ಎಂದರ್ಥ. 2020ರಲ್ಲಿ ಎರಡೂ ಜೊತೆಗೇ ಬಂದವು, ಅಷ್ಟೇ.)

ಪ್ಯಾನ್ ಸೈನ್ಯಗಳನ್ನೂ ಬಿಟ್ಟವನಲ್ಲ. ಕ್ರಿ.ಪೂ. 279ರಲ್ಲಿ ಡೆಲ್ಫಿ ದೇಗುಲಕ್ಕೆ ನುಗ್ಗಹೊರಟ ಗಾಲ್ ಸೈನಿಕರು ಸೋತು ಹಿಂದೆ ಸರಿದಿದ್ದರು. ರಾತ್ರಿ ಬಿಡಾರದಲ್ಲಿ ಕೆಲವರಿಗೆ ಕುದುರೆ ಗೊರಸಿನ ಸದ್ದು ಕೇಳಿದ ಹಾಗಾಯ್ತು. ಆಮೇಲೆ ಎಲ್ಲರಿಗೂ ಹಾಗೇ ಅನ್ನಿಸಿತು. ತಮ್ಮವರ ಮಾತೇ ಗ್ರೀಕ್ ಭಾಷೆಯಂತೆ ಕೇಳಿಸಿ ಒಬ್ಬರನ್ನೊಬ್ಬರು ಕೊಂದರು ಅಂತ ಬರೆಯುತ್ತಾನೆ ಪಾಸನಿಯಸ್. ಶತ್ರು ಅಲ್ಲಿಗೆ ಬಂದೇ ಇರಲಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಕ್ರಿ.ಪೂ. 401ರ ಇನ್ನೊಂದು ರಾತ್ರಿ. ಬ್ಯಾಬಿಲೋನ್ ಸೀಮೆಯಲ್ಲಿ ಸಿಕ್ಕಿಬಿದ್ದಿದ್ದ ಗ್ರೀಕ್ ಸೈನ್ಯದಲ್ಲೂ ಹೀಗೇ ಗದ್ದಲವೆದ್ದಿತು. ದಳಪತಿ ಕ್ಲಿಯಾರ್ಕಸ್ ಡಂಗುರದವನನ್ನು ಕರೆದು ಸಾರಿಸಿದ: ಬಿಡಾರದೊಳಕ್ಕೆ ಕತ್ತೆ ಬಿಟ್ಟವನು ಯಾರೆಂದು ಹೇಳಿದವರಿಗೆ ಒಂದು ಟ್ಯಾಲೆಂಟ್ ಬೆಳ್ಳಿ ಬಹುಮಾನ. ಅಂದರೆ ಸುಮಾರು 26 ಕೆ.ಜಿ.! ಓಹೋ, ಇಷ್ಟೇನಾ, ನಾಯಕರೆಲ್ಲ ಕ್ಷೇಮವಾಗಿದ್ದಾರೆ ಅಂತ ಗೊತ್ತಾಗಿ ಸೈನಿಕರು ತಣ್ಣಗಾದರು. ಆ ಸೈನ್ಯದಲ್ಲೇ ಇದ್ದ ಕ್ಸೆನೊಫನ್ ಇದನ್ನು ದಾಖಲಿಸಿದ್ದಾನೆ. ಗಮನಿಸಿ, ಆ ಬಹುಮಾನದ ಮಾತಿನಲ್ಲಿ ‘ಹೆದರಬೇಡಿ’ ಅನ್ನೋದೇ ಇಲ್ಲ.

ಪೆಟ್ರೋಲ್ ರಾತ್ರಿ ಜನಕ್ಕೆ ಬೇಕಿದ್ದದ್ದು, ಡಿಪೋದಲ್ಲಿ ಎಷ್ಟು ಸ್ಟಾಕ್ ಇದೆ ಅನ್ನೋ ಲೆಕ್ಕ. ನಾನು ಅದನ್ನು ಯಾರಿಗೂ ಫೋನ್ ಮಾಡಿ ಕೇಳಿರಲೇ ಇಲ್ಲ.