ಬದಲಾದದ್ದನ್ನು ಮಾತ್ರ ಮತ್ತೆ ಮಾಡುವ ‘ಮೇಕ್’

ದೊಡ್ಡ ಸಾಫ್ಟ್‌ವೇರ್ ಒಂದೇ ಫೈಲ್‌ನಲ್ಲಿ ಇರುವುದಿಲ್ಲ. ಎಷ್ಟೋ ಫೈಲ್‌ಗಳಲ್ಲಿ ಬರೆದ ಕೋಡನ್ನು ಕಂಪೈಲ್ ಮಾಡಿ, ಜೋಡಿಸಿ, ಒಂದು ಪ್ರೋಗ್ರಾಮ್ ಮಾಡಬೇಕು. ಇದಕ್ಕೆ ‘ಬಿಲ್ಡ್’ ಎನ್ನುತ್ತಾರೆ.

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಸಹೋದ್ಯೋಗಿಯೊಬ್ಬರು ತಮ್ಮ ಕೋಡಿನ ತಪ್ಪನ್ನು ಸರಿಪಡಿಸಿದ್ದರು. ಆದರೆ ಆ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ. ಹಳೆಯ ಪ್ರೋಗ್ರಾಮನ್ನೇ ಓಡಿಸುತ್ತ, ಇಲ್ಲದ ತಪ್ಪನ್ನು ಹುಡುಕುತ್ತ ಅವರ ಒಂದು ಬೆಳಿಗ್ಗೆಯೇ ಹಾಳಾಯಿತು. ಇದನ್ನು ಕಂಡು ಫೆಲ್ಡ್‌ಮನ್ ‘ಮೇಕ್’ ಬರೆದರು.

ಮೇಕ್‌ನ ಒಂದು ನಿಯಮದಲ್ಲಿ ಮೂರು ಭಾಗಗಳಿವೆ:

1. ಗುರಿ: ಏನು ತಯಾರಾಗಬೇಕು?
2. ಅವಲಂಬನೆ: ಅದಕ್ಕೆ ಮೊದಲು ಏನೇನು ಸಿದ್ಧವಿರಬೇಕು?
3. ಆಜ್ಞೆ: ಅದನ್ನು ತಯಾರಿಸುವುದು ಹೇಗೆ?

ನಮ್ಮ ಮೂಡಿಗೆರೆ, ಕಳಸದ ಕಡೆಯವರಿಗೆ ಇದು ಹೊಸದಲ್ಲ. ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ಪಾರ್ಚ್‌ಮೆಂಟ್ ಕಾಫಿ ಗುರಿ ಎಂದುಕೊಳ್ಳಿ. ಅದು ಕಣದಲ್ಲಿ ಒಣಗಬೇಕಾದರೆ ಮೊದಲು ತೊಳೆದ ಬೀಜ ಬೇಕು; ತೊಳೆಯಲು ಪಲ್ಪರ್‌ನಿಂದ ಬಂದ ಬೀಜ ಬೇಕು; ಪಲ್ಪರ್‌ಗೆ ಕುಯ್ದ ಹಣ್ಣು ಬೇಕು. ಮನೆಯಲ್ಲಿ ಅಮ್ಮಿ ಇಂಥ ಕ್ರಮಕ್ಕೆ ‘ತರ್ತೀಬ್’ ಎನ್ನುತ್ತಾರೆ. ಮೇಕ್‌ಗೆ ಗುರಿ ಹೇಳಿದರೆ ಸಾಕು, ಅದು ಹಿಂದಕ್ಕೆ ನೋಡುತ್ತ ಹೋಗಿ ತರ್ತೀಬನ್ನು ತಾನೇ ಕಂಡುಕೊಳ್ಳುತ್ತದೆ.

ಎರಡನೆಯ ಜಾಣತನ ಸಮಯದ್ದು. ಗುರಿಗಿಂತ ಅವಲಂಬನೆಯ ಫೈಲ್ ಹೊಸದಾಗಿದ್ದರೆ ಮಾತ್ರ ಮೇಕ್ ಆ ಕೆಲಸವನ್ನು ಮತ್ತೆ ಮಾಡುತ್ತದೆ. ಕಾಮರ್ಸ್ ಗೆಳೆಯರೇ, ನಮ್ಮ ಫೈನಲ್ ಅಕೌಂಟ್ಸ್ ನೆನಪಿಸಿಕೊಳ್ಳಿ. ಹೊಂದಾಣಿಕೆಯಲ್ಲಿ ಕೊಟ್ಟ ಕ್ಲೋಸಿಂಗ್ ಸ್ಟಾಕ್ ಬದಲಾದರೆ ಟ್ರೇಡಿಂಗ್ ಖಾತೆ, ಲಾಭ-ನಷ್ಟ ಖಾತೆ, ಬ್ಯಾಲೆನ್ಸ್ ಶೀಟ್ ಮೂರನ್ನೂ ತಿದ್ದಬೇಕು. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಮುಟ್ಟಬೇಕಿಲ್ಲ.

ಆದರೆ ಒಂದು ಅಪಾಯವಿದೆ. ಅವಲಂಬನೆಯ ಪಟ್ಟಿಯಲ್ಲಿ ಒಂದು ಫೈಲ್ ಬಿಟ್ಟುಹೋದರೆ, ಅದು ಬದಲಾದರೂ ಮೇಕ್‌ಗೆ ತಿಳಿಯುವುದಿಲ್ಲ. ಯಾವ ಎಚ್ಚರಿಕೆಯೂ ಇಲ್ಲದೆ ಹಳೆಯದನ್ನೇ ಇಟ್ಟುಕೊಳ್ಳುತ್ತದೆ. ಹೊಸ ಸ್ಟಾಕ್, ಹಳೆಯ ಲಾಭ ಇರುವ ಲೆಕ್ಕದಂತೆ! ಹಾಗಾಗಿ ಯಾವುದು ಯಾವುದನ್ನು ನಂಬಿದೆ ಎಂದು ಸರಿಯಾಗಿ ಬರೆಯುವ ಜವಾಬ್ದಾರಿ ಮನುಷ್ಯನದೇ.

ಮೇಕ್ ಇಂದಿಗೂ ಬಳಕೆಯಲ್ಲಿದೆ. ನಮ್ಮ ಫೋನಿನ ಆಂಡ್ರಾಯ್ಡ್ ಆ್ಯಪ್‌ಗಳನ್ನು ಸಾಮಾನ್ಯವಾಗಿ ಕಟ್ಟುವ ‘ಗ್ರೇಡಲ್’ ಕೂಡ ಇದೇ ದಾರಿಯದು. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಲ್ಯಾಬಿನಲ್ಲಿ ಎರಡೇ ಫೈಲ್‌ಗಳ ಪ್ರೋಗ್ರಾಮ್‌ಗೆ ಒಂದು ಮೇಕ್‌ಫೈಲ್ ಬರೆದು ನೋಡಿ. ಒಂದು ಫೈಲ್ ತಿದ್ದಿ ಮೇಕ್ ಓಡಿಸಿದರೆ, ಇನ್ನೊಂದನ್ನು ಅದು ಮುಟ್ಟದೆ ಬಿಡುವುದು ನಿಮಗೇ ಕಾಣುತ್ತದೆ.